ಒಂಬತ್ತು ಚೌಕ

ಚೆಂಗ್‌ಕುಂಗ್ ಬಂದರಿನ ಹಿಂದೆ, ಐಸ್ ಕಾರ್ಖಾನೆ ದಾಟಿದರೆ
ಪನಾಯ್ ಮನೆ. ಅವರ ಮಾತಲ್ಲಿ ಪನಾಯ್ ಅಂದರೆ ಭತ್ತ.
ಗಂಡ ಕಚಾವ್ ಟ್ಯೂನಾ ದೋಣಿಯಲ್ಲಿ,
ಮಗು ಹುಟ್ಟುವ ಮೊದಲೇ ಹೋದವನು.
ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಬಿಚ್ಚುವ ಮುಂಚೆಯೇ ಕೇಳುತ್ತೇನೆ:
"ಇವತ್ತಿನ ಡೈಪರ್ ಎಲ್ಲಿ? ಬಿಸಾಕಿಲ್ಲ ತಾನೆ?"

ಈ ಊರು ನನಗಿಟ್ಟ ಅಡ್ಡಹೆಸರು ಹೇಳುವಂಥದ್ದಲ್ಲ.
ಹೇಳುವಂಥದ್ದಲ್ಲದ ಅದನ್ನೇ ನೋಡಿ ನೋಡಿ
ಸಂಬಳ ಎಣಿಸಿದ್ದೇನೆ ಇಪ್ಪತ್ತಾರು ವರ್ಷ.

ಮಗುವಿನ ಆರೋಗ್ಯ ಪುಸ್ತಕದಲ್ಲಿ ಒಂದು ಪುಟ,
ಒಂಬತ್ತು ಚೌಕ, ಒಂಬತ್ತು ಬಣ್ಣ,
ಬಟ್ಟೆ ಅಂಗಡಿಯವನು ಮುಂದೆ ಹರಡುವ ತುಂಡುಗಳ ಹಾಗೆ.
ಕೊನೆಯ ಮೂರು ಸರಿ: ಸಾಸಿವೆ, ಅರಿಶಿನ, ಹಸಿರು.
ಮೊದಲಿನ ಆರು ತಪ್ಪು: ಸುಣ್ಣ, ಜೇಡಿಮಣ್ಣು, ನೆನೆದ ಅಕ್ಕಿಹಿಟ್ಟು,
ಆಮೇಲಿನವು ಬರಿಯ ಮಂಕು, ಅವಕ್ಕೆ ನನ್ನಲ್ಲಿ ಹೆಸರಿಲ್ಲ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ.
ಸುಳ್ಳು. ಆ ಕಣ್ಣಿಗೆ ಲೋಕ ಇದ್ದ ಹಾಗೇ ಇದೆ.
ಹಳದಿ ಕಾಣಬೇಕಾದವರು ನಾವು,
ಇರಬಾರದಲ್ಲಿ ಇರುವುದನ್ನು,
ಇರಬೇಕಾದಲ್ಲಿ ಇಲ್ಲದ್ದನ್ನು.

ಪಿತ್ತ ನೆತ್ತಿಗೇರುವುದು ಎಲ್ಲರಿಗೂ ಗೊತ್ತು.
ಅದು ಇಳಿಯಬೇಕಾದ್ದು, ದಿನವೂ, ಸದ್ದಿಲ್ಲದೆ,
ನೂಲಿನಷ್ಟು ಸಪೂರ ನಾಳದಲ್ಲಿ.
ನಾಳ ಕಟ್ಟಿದರೆ
ಕುಡಿದ ಹಾಲು ಬಿಳಿಚಿಕೊಂಡೇ ಹೊರಬೀಳುತ್ತದೆ,
ಲಿವರ್ ತನ್ನ ಕಹಿಯಲ್ಲಿ ತಾನೇ ಬೇಯುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ಈ ಪುಟ ಇನ್ನೂ ಬಂದಿರಲಿಲ್ಲ,
ಒಬ್ಬ ತಾಯಿಗೆ ನಾನೇ ಹೇಳಿದ್ದೆ:
"ಎದೆಹಾಲಿನ ಕಾಮಾಲೆ, ಎಳೆಬಿಸಿಲಿಗೆ ಹಿಡಿಯಮ್ಮ."
ಹಿಡಿದಳು. ದಿನಾ ಆರೂವರೆಗೆ, ಸಮುದ್ರದ ಕಡೆ ತಿರುಗಿ.
ಅಷ್ಟು ಬಿಸಿಲು ಈ ದಂಡೆಯ ಒಣಮೀನಿಗೂ ಸಿಕ್ಕಿಲ್ಲ.
ತೊಂಬತ್ತೇಳನೆಯ ದಿನ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು.
ಬಟ್ಟೆ ತೋರಿಸು ಅಂತ ನಾನು ಕೇಳಿರಲಿಲ್ಲ.

ಪನಾಯ್ ತರುತ್ತಾಳೆ. ಕಿಟಕಿಗೆ ಹೋಗುತ್ತೇವೆ,
ಟ್ಯೂಬ್‌ಲೈಟನ್ನು ನಂಬಬಾರದು.
ನನ್ನ ಬೆರಳು ಒಂಬತ್ತರಿಂದ ಹಿಂದೆ ಹಿಂದೆ ಜಾರಿ
ನಾಲ್ಕರ ಮೇಲೆ ನಿಲ್ಲುತ್ತದೆ.
"ಐದಲ್ಲವಾ?" ಅನ್ನುತ್ತಾಳೆ,
ಸಂತೆಯಲ್ಲಿ ಚೌಕಾಸಿಗೆ ನಿಂತವಳ ಹಾಗೆ.
ಐದಾದರೂ ಅಷ್ಟೇ, ಪನಾಯ್.
ಸವ್‌ಮಾಗೆ ಇವತ್ತಿಗೆ ಎಷ್ಟು ದಿನ?
ಮೂವತ್ತೊಂಬತ್ತು.
ಹಾಗಾದರೆ ಬಟ್ಟೆ ತುಂಬು. ಬಸ್ಸು ಹನ್ನೊಂದಕ್ಕೆ.

ತೈಪೆಯಲ್ಲಿ ಸ್ಕ್ಯಾನ್ ಮಾಡಿದರು: ಪಿತ್ತಕೋಶ ಒಣದ್ರಾಕ್ಷಿ.
ಡಾಕ್ಟರ್ ವೆಂಗ್ ಹೊಟ್ಟೆ ತೆರೆದು, ಅದರೊಳಗೆ ದ್ರವ ಬಿಟ್ಟು
ಎಕ್ಸ್‌ರೇಯಲ್ಲಿ ಹುಡುಕಿದರಂತೆ. ಅದು ಎಲ್ಲಿಗೂ ಹೋಗಲಿಲ್ಲ.
ಆಗ ಕರುಳಿನದೇ ಒಂದು ತುಂಡನ್ನು ಮೇಲೆಳೆದು
ಲಿವರಿನ ಬಾಗಿಲಿಗೆ ಹೊಲಿದರು,
ಕಣ್ಣಿಗೆ ಕಾಣದ ತೂತುಗಳು ಅಲ್ಲಿ ಸೋರಿಯಾವು ಎಂದು.
ಕೆಲವು ಮಕ್ಕಳಲ್ಲಿ ಸೋರುತ್ತದೆ, ಎಂದರು.
ಕೆಲವರಿಗೆ ಮುಂದೆ ಬೇರೆಯವರ ಲಿವರು ಬೇಕಾಗುತ್ತದೆ, ಎಂದರು.
ಎರಡನ್ನೂ ಒಂದೇ ದನಿಯಲ್ಲಿ.
ದೋಣಿಯಿಂದ ಫೋನ್ ಮಾಡಿದ ಕಚಾವ್
ಮೂರು ಸಲ ಕೇಳಿದನಂತೆ: ನನ್ನದು ಹೊಂದುತ್ತದಾ?

ಹನ್ನೊಂದನೆಯ ದಿನ ನಾನು ನೂಡಲ್ ಅಂಗಡಿಯಲ್ಲಿದ್ದೆ.
ಫೋನು ಗುರ್ ಅಂದಿತು. ನಮಸ್ಕಾರ ಇಲ್ಲ, ಮಾತಿಲ್ಲ,
ಒಂದು ಡೈಪರ್, ಪಕ್ಕದಲ್ಲಿ ಪುಟ.
ಏಳು.
ಬಹುಶಃ ಏಳು. ಆರರ ಅಂಚು.
"ಕಿಟಕಿ ಹತ್ತಿರ ಹಿಡಿದು ಇನ್ನೊಂದು ತೆಗೆ" ಎಂದು ಬರೆದೆ,
ಕೈ ಯಾಕೋ ಅಕ್ಷರ ತಪ್ಪುತ್ತಿತ್ತು.
"ಯಾರ ಮಗುವಿನ ಫೋಟೊ?" ಎಂದು ಅಂಗಡಿಯವ ಬಗ್ಗಿ ನೋಡಿ
ನನ್ನ ಅರ್ಧ ಬಟ್ಟಲು ಎತ್ತಿಕೊಂಡು ಒಳಗೆ ಹೋದ.