ಕಿವಿಯಿಂದ ಆರಿಸಿದ್ದು

ಟಿಬಿಲಿಸಿಯ ಒಣಸೇತುವೆ ಸಂತೆಯಲ್ಲಿ
ಹಳೆಯ ಕಾರಿನ ಬಾನೆಟ್ಟಿಗೆ ಹೊದಿಸಿದ ಕಂಬಳಿ.
ಅದರ ಮೇಲೆ ಒಂಬತ್ತು ಲ್ಯಾಪ್‌ಟಾಪು,
ನಡುನಡುವೆ ಬೆಳ್ಳಿ ಚಮಚ, ಯಾರದೋ ಪದಕ,
ಮಾಂಸ ಕೊಚ್ಚುವ ಯಂತ್ರದ ಬರೀ ಹಿಡಿ.
ನನ್ನ ಹತ್ತಿರ ನೂರ ಎಂಬತ್ತು ಲರಿ.
ಎರಡು ಪಿಯಾನೋಗೆ ಶ್ರುತಿ ಕೂಡಿಸಿದ ದುಡ್ಡು,
ಒಂದು ಸಂಗೀತಶಾಲೆಯದು, ಇನ್ನೊಂದು
ಯಾರೂ ನುಡಿಸದ ಹೋಟೆಲಿನದು.

ಮನೆಯಲ್ಲಿರುವುದು ಸತ್ತಿಲ್ಲ. ಸಾಯೆಂದು ಹೇಳಿಸಿಕೊಂಡಿದೆ.
ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ನೀಲಿ ಚೀಟಿ:
ನಿಮ್ಮ ಯಂತ್ರ ಹೊಸ ಆವೃತ್ತಿಗೆ ಅರ್ಹವಲ್ಲ.
ಅರ್ಹತೆಯಂತೆ!
ನೂರ ಹತ್ತು ವರ್ಷದ ಪಿಯಾನೋಗೂ
ನಾನು ಆ ಮಾತು ಆಡಿದವಳಲ್ಲ.
ತಂತಿ ತುಕ್ಕು ಹಿಡಿದಿರಲಿ, ಇಲಿ ಗೂಡು ಕಟ್ಟಿರಲಿ,
ಮೊದಲು ಮುಚ್ಚಳ ತೆಗೆದು ನೋಡುತ್ತೇನೆ.

ಅದಕ್ಕೇ ಬೀಗದಕೈ ಗೊಂಚಲಲ್ಲಿ ಈ ಪುಟ್ಟ ಕಡ್ಡಿ.
ಒಳಗೆ ಬೇರೆಯದೇ ಒಂದು ವ್ಯವಸ್ಥೆ,
ಕೆಳಮಹಡಿಯ ಲಾಮಾರಾ ತುಂಬಿಸಿಕೊಟ್ಟದ್ದು.
"ಕೊಳ್ಳುವ ಮೊದಲು ಇದರಿಂದಲೇ ಓಡಿಸಿ ನೋಡು,
ಒಳಗಿನದೇನನ್ನೂ ಮುಟ್ಟುವುದಿಲ್ಲ,
ಜಗಲಿಯಲ್ಲೇ ಕೂತು ಎದ್ದುಹೋಗುವ ನೆಂಟರ ಹಾಗೆ."

ಮಾರುವ ಬದ್ರಿ ಹುಬ್ಬೇರಿಸಿದ.
"ಕಲ್ಲಂಗಡಿ ಕೊಯ್ಸಿ ನೋಡುವವರನ್ನು ಕಂಡಿದ್ದೇನಮ್ಮಾ,
ಕಂಪ್ಯೂಟರು ಕೊಯ್ಸುವವರು ನೀವೇ ಮೊದಲು."
ಆದರೂ ಕಾರಿನ ಬ್ಯಾಟರಿಯಿಂದ ವೈರು ಎಳೆದುಕೊಟ್ಟ.

ಮೊದಲನೆಯದು ಬೆಳ್ಳಿಮೈ, ತೆಳ್ಳಗೆ, ಮದುವೆಗೆ ಹೊರಟಂತೆ.
ಪರದೆ ಬಂತು, ವೈಫೈ ಬರಲಿಲ್ಲ.
ಬೆಲೆಯೂ ಇನ್ನೂರ ನಲವತ್ತು, ಅದು ಬೇರೆ ಮಾತು.
ಎರಡನೆಯದು ಹಳೆಯ ಧಣಿಯನ್ನು ಮರೆಯಲೊಲ್ಲದು,
ಪಾಸ್‌ವರ್ಡು ಕೇಳುತ್ತಾ ಬಾಗಿಲಲ್ಲೇ ನಿಲ್ಲಿಸಿತು.
ಮೂರನೆಯದರ ಫ್ಯಾನು ಗೋಳಾಡಿತು. ಆ ಗೋಳು ನನಗೆ ಗೊತ್ತು:
ಸವೆದ ಯಂತ್ರ ಒಟ್ಟಿಗೇ ಎರಡು ಸ್ವರ ಹಾಡುತ್ತದೆ,
ಎರಡೂ ಒಂದಕ್ಕೊಂದು ಬಡಿದಾಡುತ್ತವೆ.

ನಾಲ್ಕನೆಯದು ಕಪ್ಪು, ಇಟ್ಟಿಗೆಯಷ್ಟು ದಪ್ಪ.
ಬೆನ್ನಿಗೆ ಜರ್ಮನಿಯ ಯಾವುದೋ ದಂತವೈದ್ಯರ ಚೀಟಿ,
ಕೀಲಿಗಳ ಮೇಲೆ ಅವರ ಚುಕ್ಕೆ ಹೊತ್ತ ಅಕ್ಷರಗಳು.
ಒಂದು ಕೀಲಿ ಇಲ್ಲವೇ ಇಲ್ಲ, ಬರೀ ರಬ್ಬರಿನ ಗುಬುಟು.
"ಡಾಕ್ಟರೇ ಕಿತ್ತಿರಬೇಕು" ಎಂದು ಬದ್ರಿ ತಾನೇ ನಕ್ಕ.
ಎಡದಿಂದ ಬಲಕ್ಕೆ ಒಂದೊಂದೇ ಒತ್ತಿದೆ, ಕೈಯ ಅಭ್ಯಾಸ.
ಎಲ್ಲವೂ ಒಂದೇ ಆಳಕ್ಕೆ ಇಳಿದವು.
ಎಲ್ಲವೂ ಮೇಲೆದ್ದು ಬಂದವು.

ಕಡ್ಡಿ ಚುಚ್ಚಿದೆ. ಪರದೆ ಕೇಳಿತು, ಯಾವ ಭಾಷೆ?
ಉದ್ದದ ಪಟ್ಟಿ. ನಮ್ಮ ದುಂಡಕ್ಷರ ಸಿಕ್ಕಿತು,
ಬೆರಳು ಮಾತ್ರ ನಿಲ್ಲದೆ ಕೆಳಗೆ ಜಾರಿತು.
ಅಲ್ಲಿ ಇನ್ನೊಂದು ಲಿಪಿ, ನಮ್ಮದಕ್ಕಿಂತಲೂ ದುಂಡು,
ತಲೆಯ ಮೇಲೆ ಸಣ್ಣದೊಂದು ಕಟ್ಟು ಹೊತ್ತು ನಿಂತದ್ದು.
ಯಾವ ಸೀಮೆಯದೋ, ಓದಲು ಬರಲಿಲ್ಲ.
ಅಲ್ಲೂ ಯಾರೋ ಊಟವಾದ ಮೇಲೆ ಕೂತು
ಸಂಬಳವಿಲ್ಲದೆ, ಒಂದೊಂದೇ ಮಾತನ್ನು
ತಮ್ಮ ಬಾಯಿಗೆ ಒಗ್ಗಿಸಿಕೊಂಡಿರಬೇಕು:
ಮುಂದೆ. ಹಿಂದೆ. ರದ್ದುಮಾಡು. ಖಚಿತವೇ?
ಬದ್ರಿ ಗಂಟಲು ಸರಿಮಾಡಿಕೊಂಡ.
ವಾಪಸು ಮೇಲೆ ಹೋಗಿ ನಮ್ಮದನ್ನು ಒತ್ತಿದೆ.

ನೂರ ಅರವತ್ತಕ್ಕೆ ಇಳಿಯಿತು, ಚಾರ್ಜರಿಗೆ ಮತ್ತೆ ಹದಿನೈದು.
ಉಳಿದ ಐದರಲ್ಲಿ ಬಸ್ಸು, ಬಿಸಿ ರೊಟ್ಟಿ.

ಈಗ ರಾತ್ರಿ, ಅಡುಗೆಮನೆಯ ಮೇಜು.
ಪ್ರಿಂಟರು ಇನ್ನೂ ಮುನಿಸಿನಲ್ಲಿದೆ.
ಕೀಲಿ ಉದುರಿದ ಜಾಗಕ್ಕೇ ಬರಬೇಕೆ
ನನ್ನ ಹೆಸರಿನ ಮೊದಲಕ್ಷರ!
ಗುಬುಟು ಒತ್ತಿ ಬರೆದೆ: ನತೆಲಾ.
ಫ್ಯಾನಿನ ಗುಂಯ್‌ದನಿ, ಕಿವಿಗೊಟ್ಟು ಕೇಳಿದರೆ,
ಶ್ರುತಿಕವೆಗಿಂತ ಕೂದಲೆಳೆಯಷ್ಟು ಕೆಳಗಿದೆ.
ಆರಿಸಿ, ಬೋರಲು ಹಾಕಿ ತಿರುಪು ಎಣಿಸಿದೆ.
ಹನ್ನೊಂದು. ಒಂದಕ್ಕೂ ಮೊಹರಿಲ್ಲ.