ಮೊದಲ ಬಸ್ಸಿನಲ್ಲಿ ಡಬ್ಬಿ

ಆರೂವರೆ ಬಸ್ಸು, ಸುಂಟಿಕೊಪ್ಪ.
ತೊಡೆಯ ಮೇಲೆ ಥರ್ಮಾಕೋಲ್ ಪೆಟ್ಟಿಗೆ,
ಐಸಿನ ನಡುವೆ ಮುಚ್ಚಳ ಬಿಗಿದ ಡಬ್ಬಿ.
"ಜೇನಾ?" ಎಂದ ಕಂಡಕ್ಟರ್, "ನನಗೂ ಒಂದು ಬಾಟ್ಲಿ ಇಡಿ."
ಬಣ್ಣವೇನೋ ಅದೇ.
ಟಿಕೀಟು ಮಡಚಿ ಜೇಬಿಗಿಟ್ಟೆ.

ಬೊಳ್ಳಮ್ಮನ ಕಿಡ್ನಿ ನನ್ನೊಳಗೆ ಬಂದು ಆರು ವರ್ಷ.
ಅನುಮಾನ ಬಂದಾಗಲೆಲ್ಲ ಸೂಜಿ:
ಅಂಗಾತ ಮಲಗಿ, ಉಸಿರು ಹಿಡಿ,
ಟಕ್ ಎಂದು ಖಾಲಿ ಕೋವಿಯ ಕುದುರೆ ಎಳೆದ ಸದ್ದು.
ಅವಳದೊಂದು ಎಳೆ ಗಾಜಿನ ಮೇಲೆ.
ಮೂರು ಸಲ ಆಯಿತು. ಅವಳಿಗೆ ಎರಡೇ ಎಂದಿದ್ದೇನೆ.

ಅರೇಬಿಕಾ ಸಾಲುಗಳಲ್ಲಿ ಕಾಂಡಕೊರಕ ಹುಡುಕುತ್ತ
ಮೂವತ್ತು ವರ್ಷ ಕಳೆದವನು ನಾನು.
ಎಲೆ ಹಸಿರು, ಹಣ್ಣು ಕೆಂಪು, ಒಳಗೆ ಸುರಂಗ.
ಸೀಳಿದರೆ ಗೊತ್ತಾಗುತ್ತದೆ,
ಗೊತ್ತಾಗುವಾಗ ಗಿಡ ಇರುವುದಿಲ್ಲ.
ತೊಗಟೆಯ ಸಣ್ಣ ಉಬ್ಬನ್ನು
ಬೆರಳಲ್ಲೇ ಓದಬೇಕು.

ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ.
ಒಳಗೆ ಕಲೆ ಗಟ್ಟಿಯಾಗುವ ಮೊದಲೇ
ಕೆಲವು ಪ್ರೋಟೀನು ಮೂತ್ರಕ್ಕೆ ಜಾರುತ್ತವಂತೆ.
"ಇನ್ನೂ ಪ್ರಯೋಗ, ಉತ್ತಯ್ಯ. ಪೂರಾ ನಂಬಬೇಡಿ."
ಸೂಜಿಯನ್ನು ಮಾತ್ರ ಪೂರಾ ನಂಬಿದ್ದೆನೇ?

ಮಡಿಕೇರಿ. ಲ್ಯಾಬಿನ ಕಿಟಕಿ.
ಹುಡುಗಿ ಡಬ್ಬಿಗೆ ನಂಬರು ಅಂಟಿಸಿ
"ಹೆಸರು?" ಅಂದಳು.
ಬಾಯಿಗೆ ಬಂದದ್ದು ತಂಗಿಯದು.
ಅವಳು ಬರೆದೂಬಿಟ್ಟಳು.