ನಾಡಿ ಹಿಡಿದ ಹಾಗೆ

ಉಸಿರು ಎಣಿಸುವಾಗ ಹೇಳಬಾರದು, ಎಣಿಸ್ತಾ ಇದ್ದೇನೆ ಅಂತ.
ಹೇಳಿದರೆ ಉಸಿರು ನಟಿಸಲು ತೊಡಗುತ್ತದೆ.
ನಾಡಿಯ ಲೆಕ್ಕ ಮುಗಿದ ಮೇಲೂ
ಮಣಿಕಟ್ಟು ಹಿಡಿದುಕೊಂಡೇ ಇರುತ್ತೇನೆ,
ಕಣ್ಣು ಮಾತ್ರ ನೀಲಿ ಹೊದಿಕೆ ಏರಿ ಇಳಿಯುವಲ್ಲಿ.
ಹದಿನಾಲ್ಕು. ಬರೆದಿಟ್ಟೆ.
ಕಂಕನಾಡಿಯ ಈ ನಾಲ್ಕನೇ ಮಾಳಿಗೆಯಲ್ಲಿ
ರಾತ್ರಿ ಎರಡೂ ಕಾಲು.

ಹನ್ನೊಂದನೇ ಮಂಚದ ದೂಮಣ್ಣ ಬಂಗೇರರು
ಸ್ಟೇಟ್ ಬ್ಯಾಂಕಿನಿಂದ ಸುರತ್ಕಲ್ಲಿಗೆ
ಇಪ್ಪತ್ತೆರಡು ವರ್ಷ ಬಾಗಿಲಲ್ಲಿ ನೇತಾಡಿದವರು.
ಮುಂದಿನ ಬಸ್ಸಿಗೂ ಹಿಂದಿನ ಬಸ್ಸಿಗೂ ನಡುವೆ ಮೂರು ನಿಮಿಷ.
ಆ ಮೂರು ನಿಮಿಷದೊಳಗೇ ಒಂದು ದಿನ
ಕೂಳೂರು ಸಂಕದ ಮೇಲೆ ಎದೆ ಬಿಗಿದು
ವಿಸಿಲ್ ಊದಲಿಕ್ಕೆ ಗಾಳಿ ಸಿಗಲಿಲ್ಲವಂತೆ.
ಹೃದಯಕ್ಕೆ ಏನೂ ಆಗಿರಲಿಲ್ಲ. ಇಸಿಜಿಯ ಕಾಗದ
ಇನ್ನೂ ಪರ್ಸಿನಲ್ಲಿ ಮಡಚಿ ಇಟ್ಟಿದ್ದಾರೆ,
ಚೆಕ್ಕಿಂಗಿನವರು ಹತ್ತಿದರೆ ತೋರಿಸಲಿಕ್ಕೆ ಎಂಬಂತೆ.

ಎರಡು ವಾರಕ್ಕೆಂದು ಯಾರೋ ಬರೆದುಕೊಟ್ಟ ಸಣ್ಣ ಮಾತ್ರೆ
ಹಳೇ ಚೀಟಿ ತೋರಿಸಿ ತೋರಿಸಿ ಒಂಬತ್ತು ವರ್ಷ ಓಡಿತು.
ಒಂದು ಇದ್ದದ್ದು ಎರಡು, ಎರಡು ಇದ್ದದ್ದು ಮೂರು.
ಮೊನ್ನೆ ಹಟ ಹಿಡಿದು ಪೂರಾ ಬಿಟ್ಟರು.
ನಾಲ್ಕನೇ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದರು.
ಹುಬ್ಬಿನ ಮೇಲೆ ಐದು ಹೊಲಿಗೆ.

"ನಾನು ಕುಡಿಯುವವನಲ್ಲ ಸಿಸ್ಟರ್, ಬೀಡಿ ಕೂಡ ಇಲ್ಲ.
ನನಗೆಂತಕ್ಕೆ ಈ ಚಟ?"
ಚಟ ಅಲ್ಲ ಅಂದೆ.
ಮತ್ತೆ ಎಂತ ಎಂದು ಹೇಳಲಿಕ್ಕೆ
ಕೊಂಕಣಿಯಲ್ಲಿ ಹುಡುಕಿದೆ, ತುಳುವಿನಲ್ಲಿ ಹುಡುಕಿದೆ.
ನೀರಿನ ಲೋಟ ಕೊಟ್ಟೆ.

ನನ್ನ ಕೆಲಸ ದೊಡ್ಡದೇನಲ್ಲ.
ಮಂಚದ ಕಂಬಿ ಏರಿಸುವುದು. ಚಪ್ಪಲಿ ಕಾಲಿಗೆ ಎಟಕುವಲ್ಲಿ ಇಡುವುದು.
ಏಳುವ ಮೊದಲು ಬೆಲ್ಲು ಒತ್ತಿ ಅಂತ ಹತ್ತು ಸಲ ಹೇಳುವುದು,
ಹತ್ತು ಸಲವೂ ಒತ್ತದೆ ಏಳುವವರ ತೋಳು ಹಿಡಿಯುವುದು.
ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುವುದು.
ಅದೊಂದು ಮಾತ್ರ ನಾಚಿಕೆ. ಅಪ್ಪನ ಪ್ರಾಯದವರು
ಬಾಯಿ ತೆರೆದು ಕೂತಾಗ
ಗೋಡೆಯ ಗಡಿಯಾರ ನೋಡುವವಳ ಹಾಗೆ ನೋಡುತ್ತೇನೆ.

ಇನ್ನು ಹದಿನೈದು ದಿನಕ್ಕೊಮ್ಮೆ ಒಂದು ಚೂರು ಕಡಿಮೆ.
ಕಟ್ಟರಿನ ಅಲಗು ಕೂರುವಾಗ ಬಿಳಿ ಪುಡಿ ಉದುರುತ್ತದೆ.
ದೂಮಣ್ಣ ಅದನ್ನೇ ನೋಡುತ್ತಾರೆ,
ಚಿಲ್ಲರೆ ಕೈತಪ್ಪಿ ರಸ್ತೆಗೆ ಬಿದ್ದವರ ಹಾಗೆ.
"ಒಟ್ಟಿಗೇ ಬಿಡಬಾರದು ಅಂತ ಎಂತಕ್ಕೆ?"
"ಓಡುವ ಬಸ್ಸಿಂದ ಹಾರುವವರಿಗೆ ನೀವು ಎಂತ ಹೇಳ್ತಿದ್ದಿರಿ?"
"ಬೈತಿದ್ದೆ."
"ಏನಂತ?"
"ನಿಮ್ಮ ಹತ್ತಿರ ಹೇಳುವ ಹಾಗಿಲ್ಲ."
ಏಳು ದಿನದಲ್ಲಿ ಮೊದಲ ಸಲ
ಮೀಸೆಯ ಕೆಳಗೆ ಏನೋ ಅಲುಗಿತು.

ಈಗ ಮೂರು ಗಂಟೆ. ದಿಂಬು ಬೆವರಿಗೆ ಒದ್ದೆ,
ಬೆರಳು ಹೊದಿಕೆಯ ಅಂಚಿನಲ್ಲಿ ನೋಟು ಎಣಿಸುತ್ತಿವೆ.
ಡಾಕ್ಟರಿಗೆ ಫೋನು ಮಾಡಿದ್ದೇನೆ. ಅವರು ಬರುವ ತನಕ
ಸ್ಟೂಲು ಎಳೆದು ಕೂತೆ. ಸ್ಟಾಪು ಹೇಳಿ ದೂಮಣ್ಣ,
ಒಂದೊಂದಕ್ಕೆ ಒಂದೊಂದು ಉಸಿರು, ನಿಧಾನ.
ಲಾಲ್‌ಬಾಗ್. ಲೇಡಿಹಿಲ್.
ಉರ್ವಸ್ಟೋರ್. ಕೊಟ್ಟಾರ ಚೌಕಿ.
ಕೂಳೂರು ಅನ್ನಲಿಲ್ಲ. ಸ್ವರ ಅಲ್ಲೇ ನಿಂತಿತು.

"ನೀವು ನಾಡಿ ನೋಡುವುದಲ್ಲ," ಅಂದರು ಸ್ವಲ್ಪ ಹೊತ್ತಿಗೆ,
"ಗೊತ್ತುಂಟು ನನಗೆ.
ತಲೆ ಎಣಿಸುವವರ ಕಣ್ಣು
ಬಾಗಿಲಲ್ಲಿ ನಿಂತವನಿಗೆ ತಿಳಿಯುದಿಲ್ವಾ?"
ಕೈ ಬಿಡಲಿಲ್ಲ ನಾನು. ಅವರೂ ಎಳೆದುಕೊಳ್ಳಲಿಲ್ಲ.

"ಸಂಕ ದಾಟಲಿಕ್ಕೆ ಎಷ್ಟು ಹೊತ್ತು?"
"ಬ್ಲಾಕ್ ಇದ್ದರೆ ಹೇಳ್ಲಿಕ್ಕಾಗುದಿಲ್ಲ ಮಾರಾಯ್ರೆ."
ಇರಲಿ,
ನನ್ನ ಡ್ಯೂಟಿ ಏಳೂವರೆ ತನಕ ಉಂಟು.